ಶೀಟಿನ ಇನ್ನೊಂದು ತುದಿ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಶೀಟು ಮಡಿಸಲು ಇಬ್ಬರು ಬೇಕು. ಒಬ್ಬಳಿಂದ ಆಗುವುದೇ ಇಲ್ಲ ಎಂದಲ್ಲ. ಆದರೆ ಮೂಲೆ ನೆಲಕ್ಕೆ ತಾಗುತ್ತದೆ, ತಾಗಿದ ಶೀಟು ಮತ್ತೆ ನೀರಿಗೆ ಹೋಗಬೇಕು. ಇಸ್ತ್ರಿ ಮಾಡುವ ಬಿಸಿ ರೋಲರಿನಿಂದ ಹೊರಬಂದ ಶೀಟಿನ ಎರಡು ಮೂಲೆ ಒಬ್ಬಳು, ಇನ್ನೆರಡು ಮೂಲೆ ಇನ್ನೊಬ್ಬಳು ಹಿಡಿದು ಝಾಡಿಸುತ್ತಾರೆ. ಎದುರುಬದುರು ನಡೆದು ಬರುತ್ತಾರೆ. ಒಬ್ಬಳು ತನ್ನ ಮೂಲೆಗಳನ್ನು ಇನ್ನೊಬ್ಬಳ ಬೆರಳಿಗೆ ಒಪ್ಪಿಸಿ, ಕೆಳಗೆ ಜೋತ ಮಡಿಕೆಯನ್ನು ಹಿಡಿದು ಹಿಂದೆ ಸರಿಯುತ್ತಾಳೆ. ಪಾಳಿ ಮುಗಿಯುವವರೆಗೆ ಹೀಗೆ ಹತ್ತಿರ ಬರುವುದು, ದೂರ ಹೋಗುವುದು. ಹತ್ತಿರ ಬಂದಾಗ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುತ್ತದೆ. ಅಷ್ಟು ಹತ್ತಿರ ಬಂದು ಮಾತಾಡದೆ ಇರಲು ಸಾಧ್ಯವೇ ಎಂದು ಕೇಳಿದರೆ ಅಕ್ಕ, ಸಾಧ್ಯವೇ ಇಲ್ಲ ಎನ್ನುತ್ತಿದ್ದಳು. ತಂಗಿ ಏನೂ ಅನ್ನುತ್ತಿರಲಿಲ್ಲ.

ಅಕ್ಕನಿಗೆ ಅಲ್ಲಿ ರೇಡಿಯೊ ಎಂದೇ ಹೆಸರು. ಬೆಳಗಿನ ಪಾಳಿಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಶುರುವಾದ ಮಾತು ಮಧ್ಯಾಹ್ನ ಚಪ್ಪಲಿ ಮೆಟ್ಟುವಾಗ ನಿಲ್ಲುತ್ತಿತ್ತು. ಬಸ್ಸಿನಲ್ಲಿ ಕಂಡ ಜಗಳ, ಮೇಲಿನ ವಾರ್ಡಿನ ನರ್ಸಮ್ಮನ ಕೂದಲಿನ ಹೊಸ ಬಣ್ಣ, ಸತ್ತ ಗಂಡನ ಗೊರಕೆ, ಯಾವುದೇ ಆಗಲಿ, ಅವಳ ಬಾಯಿಗೆ ಬಿದ್ದರೆ ತಾಜಾ ಆಗುತ್ತಿತ್ತು. ಗೊರಕೆಯನ್ನಂತೂ ಏರಿಸಿ ಇಳಿಸಿ, ನಡುವೆ ಉಸಿರು ಕಟ್ಟಿಸಿ ಮಾಡಿ ತೋರಿಸುತ್ತಿದ್ದಳು. ಜನ ಎಂದರೆ ಅವಳಿಗೆ ತನ್ನ ಮಾತಿಗೆ ಹೂಂಗುಟ್ಟುವವರು. ಹೂಂಗುಟ್ಟದವರು ಮೇಜು, ಬಕೆಟ್ಟು, ಗೋಡೆ.

ಆ ಲೆಕ್ಕಕ್ಕೆ ತಂಗಿ ಗೋಡೆ. ಗಂಡನೂ ಅದನ್ನೇ ಹೇಳಿ, ಗೋಡೆಯ ಜೊತೆ ಸಂಸಾರ ಮಾಡೋಕಾಗಲ್ಲ ಎಂದು ಬಿಟ್ಟುಹೋಗಿದ್ದ. ಆಮೇಲೆ ಅಕ್ಕನೇ ಅವಳನ್ನು, ಒಂದು ಕೋಣೆ, ಒಂದು ಅಡುಗೆಮನೆಯಷ್ಟೇ ಇದ್ದ ತನ್ನ ಮನೆಗೆ ಕರೆತಂದು, ಲಾಂಡ್ರಿಯಲ್ಲಿ ಕೆಲಸಕ್ಕೂ ಸೇರಿಸಿದ್ದಳು. ಮೊದಲ ದಿನವೇ ಎಲ್ಲರ ಮುಂದೆ ನಿಲ್ಲಿಸಿ ಪರಿಚಯ ಮಾಡಿಸಿದಳು.

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ನಮ್ಮಪ್ಪ ಎರಡೂ ಅಂಗಡಿ ಇಟ್ಟ. ನಾನು ಬೆಳ್ಳಿ ಅಂಗಡಿ, ಬೆಳಗಾದ್ರೆ ಬಾಗಿಲು ತೆಗೆದಿರುತ್ತೆ. ಇವಳು ಬಂಗಾರದ್ದು. ಬೀಗ ಹಾಕಿದ್ದು ಹಾಕಿದ್ದೇ."

"ಒಳಗೆ ಬಂಗಾರ ಇದೆ ಅಂತ ಏನು ಗ್ಯಾರಂಟಿ?" ಎಂದಿದ್ದಳು ಕನ್ನಡಕದವಳು. ಎಲ್ಲರೂ ನಕ್ಕಿದ್ದರು. ತಂಗಿಯೂ ತುಟಿ ತೆರೆಯದೆ ನಕ್ಕಿದ್ದಳು. ಅದನ್ನು ಯಾರೂ ನೋಡಲಿಲ್ಲ.

ಕನ್ನಡಕದವಳಲ್ಲದೆ ಅಲ್ಲಿ ಎತ್ತರಕ್ಕೆ ಹೆಸರಾದ ಏಣಿ ಇದ್ದಳು, ರೋಲರಿಗೆ ಶೀಟು ಕೊಡುವ ಕುಳ್ಳಿ ಇದ್ದಳು. ಎಲ್ಲರಿಗಿಂತ ಹಿರಿಯಳು ದೊಡ್ಡಮ್ಮ. ಅವಳು ಯಾರಿಗೂ ನಿಜವಾದ ದೊಡ್ಡಮ್ಮನಲ್ಲ, ಆದರೆ ಜ್ವರ ಬಂದವರ ಪಾಲಿನ ಕೆಲಸ ಯಾರು ಮಾಡಬೇಕು, ಯಾರ ಎದುರಿಗೆ ಯಾರು ನಿಲ್ಲಬೇಕು ಎಂಬುದೆಲ್ಲ ಅವಳ ಬಾಯಿಂದಲೇ ಬರಬೇಕಿತ್ತು. ಅಕ್ಕನಿಗೆ ಜೋಡಿ ದೊಡ್ಡಮ್ಮ. ತಂಗಿಗೆ ಜೋಡಿ, ಈಚೆಗೆ ಸೇರಿದ ಒಬ್ಬ ಹೊಸ ಹುಡುಗಿ. ಆ ಜೋಡಿ ಎಷ್ಟು ಮೌನವಾಗಿ ಕೆಲಸ ಮಾಡುತ್ತಿತ್ತೆಂದರೆ, ಶೀಟು ಝಾಡಿಸಿದ ಸದ್ದು ಅವರ ಕಡೆಯಿಂದ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

ರೋಲರಿನ ಬಾಯಿಯ ಮುಂದೆ ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿಯಿತ್ತು. ಕೈ ತಾಗಿದರೆ ಯಂತ್ರ ನಿಲ್ಲಲಿ ಎಂದು ಇಟ್ಟದ್ದು. ಆದರೆ ಶೀಟಿನ ದಪ್ಪ ಅಂಚು ತಾಗಿದರೂ ನಿಲ್ಲುತ್ತಿತ್ತು. ಮತ್ತೆ ಬಿಸಿಯಾಗುವವರೆಗೆ ಎಲ್ಲರೂ ಕೈಕಟ್ಟಿ ನಿಲ್ಲಬೇಕು, ಮೇಲಿನಿಂದ ಶೀಟು ಎಲ್ಲಿ ಎಂದು ಫೋನು ಬರುತ್ತದೆ. ಹಾಗಾಗಿ ಹರಿದ ಶೀಟಿನ ಸೀಳೊಂದರಿಂದ ಆ ಪಟ್ಟಿಯನ್ನು ಮೇಲಕ್ಕೆತ್ತಿ ಕಟ್ಟಿಬಿಡುವುದು ರೂಢಿಯಾಗಿತ್ತು. ಒಲೆ ಹಚ್ಚುವ ಹಾಗೆ, ದಿನದ ಮೊದಲ ಕೆಲಸವೆಂದು ದೊಡ್ಡಮ್ಮ ಅದನ್ನು ಕಟ್ಟುತ್ತಿದ್ದಳು. ಸೂಪರ್‌ವೈಸರಿಗೂ ಗೊತ್ತಿತ್ತು. ಅವನು ಆ ಕಡೆ ಬಂದಾಗ ಛಾವಣಿಯ ಪೈಪುಗಳನ್ನು ನೋಡುತ್ತಿದ್ದ.

ಕುಳ್ಳಿ ಬಾರದ ಒಂದು ದಿನ ಹೊಸ ಹುಡುಗಿಯನ್ನು ರೋಲರಿಗೆ ನಿಲ್ಲಿಸಿದರು. ರೋಗಿಯ ನಿಲುವಂಗಿಯ ಲಾಡಿಯೊಂದು ಒದ್ದೆ ಶೀಟಿನೊಳಗೆ ಸುತ್ತಿಕೊಂಡು ಬಂದಿತ್ತು. ಅದು ಅವಳ ಬೆರಳಿಗೆ ಸಿಕ್ಕಿಕೊಂಡಿತು, ಶೀಟು ಒಳಗೆ ಹೋಯಿತು, ಶೀಟಿನ ಹಿಂದೆ ಕೈ ಹೋಯಿತು. ಎಲ್ಲರೂ ಕಿರುಚಿದರು. ಅಕ್ಕನ ಕಿರುಚಾಟ ಮೆಟ್ಟಿಲಿನ ತನಕ ಕೇಳಿಸಿತಂತೆ. ಕೆಂಪು ಗುಂಡಿ ಒತ್ತಿದ್ದು ತಂಗಿ.

ಹುಡುಗಿಯ ಎರಡು ಬೆರಳು ಉಳಿಯಲಿಲ್ಲ.

ತನಿಖೆಗೆ ಅಧಿಕಾರಿ ಬರುತ್ತಾರೆ, ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ ಎಂದು ಸುದ್ದಿ ಬಂದಾಗ ಟೀ ಕುಡಿಯುತ್ತ ಎಲ್ಲರೂ ಮೇಜಿನ ಸುತ್ತ ಸೇರಿದರು. ತಂಗಿ ಎಂದಿನಂತೆ ಕಿಟಕಿಯ ಕೆಳಗೆ, ಬೋರಲು ಹಾಕಿದ ಬಟ್ಟೆಬುಟ್ಟಿಯ ಮೇಲೆ ಕೂತಿದ್ದಳು.

"ಪಟ್ಟಿ ಕಟ್ಟಿದ್ದು ಆ ಹುಡುಗೀನೇ ಅನ್ನೋಣ," ಎಂದಳು ಕನ್ನಡಕದವಳು. "ಹೊಸಬಳು, ಬೇಗ ಮುಗಿಸೋ ಆಸೆಗೆ ಕಟ್ಟಿಬಿಟ್ಲು. ನಾವು ನೋಡ್ಲಿಲ್ಲ."

"ಹಾಗಂದ್ರೆ ಅವಳಿಗೆ ಪರಿಹಾರ ಗಿರಿಹಾರ ಏನೂ ಸಿಗಲ್ಲ ಕಣೇ," ಎಂದಳು ಏಣಿ. "ಕೆಲಸಾನೂ ಹೋಗುತ್ತೆ. ಪಾಪ."

"ಪಾಪ ಅಂದ್ರೆ ಬೆರಳು ಚಿಗುರುತ್ತಾ? ಹೋದದ್ದು ಹೋಯ್ತು. ಈಗ ದೊಡ್ಡಮ್ಮಾನೂ ಹೋಗ್ಬೇಕಾ? ಈ ವಯಸ್ಸಲ್ಲಿ ಇವರಿಗೆ ಯಾರು ಕೆಲಸ ಕೊಡ್ತಾರೆ, ನೀನು ಕೊಡ್ತೀಯಾ?"

ದೊಡ್ಡಮ್ಮ ಲೋಟದೊಳಗೆ ನೋಡುತ್ತಿದ್ದಳು. ಬೇಡ ಎನ್ನಲಿಲ್ಲ.

"ಅದು ಸರಿ," ಎನ್ನುತ್ತ ಕುಳ್ಳಿ ದನಿ ತಗ್ಗಿಸಿ ಕಿಟಕಿಯ ಕಡೆ ಗದ್ದ ತೋರಿಸಿದಳು. "ಆ ಅಂಗಡಿ ಬೀಗ ಗಟ್ಟಿ ಇದೆ ತಾನೆ?"

ಅಕ್ಕ ಕೈಬೀಸಿ ನಕ್ಕಳು. "ಅಯ್ಯೋ, ಕಟ್ಕೊಂಡ ಗಂಡನ ಹತ್ತಿರ ಮಾತಾಡ್ದೋಳು ಆಫೀಸರ್ ಹತ್ತಿರ ಮಾತಾಡ್ತಾಳಾ? ಅವಳ ಬಾಯಿಗೆ ನಾನು ಜಾಮೀನು. ಏನೇ, ಕೇಳಿಸ್ತೇನೇ? ಒಪ್ಪಿಗೆ ತಾನೆ?"

ತಂಗಿ ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿದಳು.

"ನೋಡಿದ್ರಾ," ಎಂದಳು ಅಕ್ಕ. "ಒಪ್ಪಿದ್ಳು."

ವಿಚಾರಣೆ ನಡೆದದ್ದು ಸೂಪರ್‌ವೈಸರಿನ ಗಾಜಿನ ಕೋಣೆಯಲ್ಲಿ. ಕನ್ನಡಕದವಳು ಹೋಗಿಬಂದಳು, ಏಣಿ ಹೋಗಿಬಂದಳು. ಅಕ್ಕನೂ ಹೋಗಿ, ಹುಡುಗಿಯ ಅವಸರದ ಬುದ್ಧಿಯ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಿ, ಅಧಿಕಾರಿಯನ್ನು ಒಮ್ಮೆ ನಗಿಸಿಯೂ ಬಂದಳು. ಕೊನೆಗೆ ತಂಗಿ ಹೋದಳು. ಗಾಜಿನಾಚೆ ಅವಳ ಬೆನ್ನು ಸ್ವಲ್ಪ, ಕೆನ್ನೆ ಸ್ವಲ್ಪ ಕಾಣುತ್ತಿತ್ತು. ಅಕ್ಕ ಶೀಟು ಹಿಡಿದುಕೊಂಡೇ ಆ ಕಡೆ ನೋಡಿದಳು. ತಂಗಿಯ ತುಟಿ ಅಲ್ಲಾಡಿತು. ನಿಂತಿತು. ಮತ್ತೆ ಅಲ್ಲಾಡಿತು. ಅಧಿಕಾರಿ ಬರೆಯುವುದನ್ನು ಬಿಟ್ಟು ಮುಂದಕ್ಕೆ ಬಾಗಿದ. ಇಲ್ಲ ಎನ್ನಲು, ಗೊತ್ತಿಲ್ಲ ಎನ್ನಲು ತುಟಿ ಅಷ್ಟು ಹೊತ್ತು ಅಲ್ಲಾಡುವುದಿಲ್ಲ. ಅಕ್ಕನಿಗೆ ಕೈಯಲ್ಲಿದ್ದ ಶೀಟಿನ ಬಿಸಿ ಆಗ ಗೊತ್ತಾಯಿತು.

ಹುಡುಗಿಗೆ ಪರಿಹಾರ ಸಿಕ್ಕಿತು. ಕೈ ವಾಸಿಯಾದ ಮೇಲೆ ಮೇಲಿನ ಮಹಡಿಯಲ್ಲಿ ಕೂತು ಮಾಡುವ ಕೆಲಸ ಕೊಡುತ್ತಾರೆ ಎಂದೂ ಆಯಿತು. ಪಟ್ಟಿಯನ್ನು ಮತ್ತೆ ಯಾರೂ ಎತ್ತಿ ಕಟ್ಟದ ಹಾಗೆ ಕಬ್ಬಿಣದ ಕವಚ ಹಾಕಿ ಬೋಲ್ಟು ಬಿಗಿದರು. ಸೂಪರ್‌ವೈಸರ್ ತಾನು ಪೈಪುಗಳನ್ನಷ್ಟೇ ನೋಡಿದ್ದೆ ಎಂದು ಸಾಧಿಸಿ ಉಳಿದುಕೊಂಡ. ದೊಡ್ಡಮ್ಮನನ್ನು ಕೆಲಸದಿಂದ ತೆಗೆದರು. ತನ್ನ ಲೋಟ, ಬಾಚಣಿಗೆ, ಒಂದು ಹಳೆಯ ಸ್ವೆಟರು ಚೀಲಕ್ಕೆ ಹಾಕಿಕೊಂಡು ಹೊರಟವಳು ತಂಗಿಯ ಕಡೆ ನೋಡಲೇ ಇಲ್ಲ. ಅಕ್ಕನ ಎದುರು ನಿಂತು, ಬೈಯದೆ, ಮರೆತಿದ್ದನ್ನು ನೆನಪಿಸುವವರ ಹಾಗೆ ಹೇಳಿದಳು:

"ಜಾಮೀನು ಕೊಟ್ಟಿದ್ದೆಯಲ್ಲಮ್ಮ."

ಮರುದಿನ ಅಕ್ಕ ಚಪ್ಪಲಿ ಬಿಡುತ್ತ, "ಬಸ್ಸಲ್ಲಿ ಇವತ್ತು ಏನಾಯ್ತು ಗೊತ್ತಾ," ಎಂದಳು. ಏನಾಯ್ತು ಎಂದು ಯಾರೂ ಕೇಳಲಿಲ್ಲ. ಆದರೂ ಅವಳು ಹೇಳಿದಳು. ಕತೆಯಲ್ಲಿ ನಗಬೇಕಾದ ಜಾಗ ಬಂತು, ಹೋಯಿತು. ರೋಲರ್ ಮಾತ್ರ ಗುರುಗುಟ್ಟುತ್ತಿತ್ತು. ಊಟದ ಹೊತ್ತಿಗೆ ಅವಳು ಡಬ್ಬಿ ಹಿಡಿದು ಮೇಜಿಗೆ ಬಂದಾಗ ಕನ್ನಡಕದವಳು ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟಳು. ಚೀಲ ಇಟ್ಟ ಕುರ್ಚಿಯನ್ನು ನೋಡುತ್ತ ಅಕ್ಕ ಡಬ್ಬಿಯನ್ನು ನಿಂತೇ ಖಾಲಿ ಮಾಡಿದಳು.

ದಿನಗಳು ಹಾಗೇ ಹೋದವು. ಅವಳು ಬಂದರೆ ಮಾತು ನಿಲ್ಲುತ್ತಿತ್ತು, ಹೋದರೆ ಬೆನ್ನ ಹಿಂದೆ ಮತ್ತೆ ಶುರುವಾಗುತ್ತಿತ್ತು. ಗಂಡನ ಗೊರಕೆಯನ್ನು ಒಮ್ಮೆ ಮಾಡಿ ನೋಡಿದಳು. ಅದು ಬರಿಯ ಗೊರಕೆಯಾಗಿ ಕೇಳಿಸಿತು. ಮಾತಾಡದೆ ಅವಳ ದವಡೆ ನೋಯತೊಡಗಿತು. ಬಸ್ಸಿನಲ್ಲಿ ಅಪರಿಚಿತರನ್ನು ಹಿಡಿದು ಮಾತಿಗೆಳೆಯುತ್ತಿದ್ದಳು, ಅವರು ತಮ್ಮ ನಿಲ್ದಾಣಕ್ಕಿಂತ ಮೊದಲೇ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದರು.

ತಂಗಿಗೆ ಏನೂ ಆಗಲಿಲ್ಲ. ಆಗುವುದಕ್ಕೆ ಏನಿತ್ತು? ಅವಳನ್ನು ಯಾರೂ ಮೊದಲೂ ಮಾತಾಡಿಸುತ್ತಿರಲಿಲ್ಲ. ಅವಳು ಅದೇ ಬುಟ್ಟಿಯ ಮೇಲೆ ಕೂತು, ಅದೇ ನಿಧಾನದಲ್ಲಿ ಉಣ್ಣುತ್ತ, ಮೇಜಿನ ಸುತ್ತಲಿನ ಮಾತಿಗೆ ಕಿವಿಗೊಟ್ಟು ಕೂತಿರುತ್ತಿದ್ದಳು. ಈಗ ಅಕ್ಕ-ತಂಗಿಯರೇ ಜೋಡಿ. ಶೀಟು ಹಿಡಿದು ಹತ್ತಿರ ಬಂದಾಗಲೆಲ್ಲ ಆ ನೆಮ್ಮದಿಯ ಮುಖ ಅಕ್ಕನ ಮುಖಕ್ಕೆ ಬಂದು ತಾಗುತ್ತಿತ್ತು.

ಒಂದು ಮಧ್ಯಾಹ್ನ ಮನೆಯ ಬಾಗಿಲು ಹಾಕಿದ ಕೂಡಲೇ ಅಕ್ಕ ತಿರುಗಿಬಿದ್ದಳು.

"ಯಾಕೆ ಹೇಳ್ದೆ?"

"ಕೇಳಿದ್ರು."

"ಕೇಳಿದ್ರೆ ಹೇಳಿಬಿಡ್ತೀಯಾ? ನೀನು ಹುಟ್ಟಿದಾಗಿಂದ ಕೇಳ್ತಿದೀನಿ, ನಂಗೆ ಒಂದಾದ್ರೂ ಹೇಳಿದೀಯಾ?"

ತಂಗಿ ಡಬ್ಬಿ ತೊಳೆಯಲು ಹೋದಳು. ಅಕ್ಕ ಅವಳ ಹಿಂದೆಯೇ ಹೋದಳು.

"ದೊಡ್ಡಮ್ಮ ಬೀದಿಗೆ ಬಿದ್ರು. ಅದು ಗೊತ್ತಾ ನಿಂಗೆ?"

"ಗೊತ್ತು." ನೀರು ಸುರಿಯುತ್ತಿತ್ತು. "ಅವರ ಮನೆಗೆ ಹೋಗಿದ್ದೆ. ಬಾಗಿಲು ತೆಗೀಲಿಲ್ಲ."

ಇದು ಅಕ್ಕನಿಗೆ ಗೊತ್ತಿರಲಿಲ್ಲ. ಆದರೂ ಬಿಡಲಿಲ್ಲ. "ಯಾರದೋ ಹುಡುಗಿಗೋಸ್ಕರ ನಮ್ಮೋರ ಕುತ್ತಿಗೆಗೆ ತಂದೆ. ಅವಳು ಬಂದು ಎಷ್ಟು ದಿನ ಆಗಿತ್ತು? ನಿನ್ನ ಹತ್ತಿರ ಒಂದು ಮಾತಾಡಿದ್ಲಾ?"

"ಶೀಟು ಹಿಡೀತಿದ್ಲು." ತಂಗಿ ಡಬ್ಬಿ ಬೋರಲು ಹಾಕಿದಳು. "ಎಡಗೈ ಮೂಲೆ ಮೊದಲು ಕೊಡೋಳು. ನನ್ನ ಬೆರಳು ಹಿಡಿಯೋ ತನಕ ಬಿಡ್ತಿರ್ಲಿಲ್ಲ. ಅವಳೂ ನಮ್ಮೋಳೇ ಅಲ್ವಾ ಅಕ್ಕ."

"ನಮ್ಮೋರು! ಯಾರೂ ನಮ್ಮ ಮುಖ ನೋಡ್ತಿಲ್ಲ, ಕಾಣಲ್ವಾ? ನಿನಗೆ ಏನೂ ಅನ್ಸೋದೇ ಇಲ್ವಾ?"

ತಂಗಿ ಪ್ರಶ್ನೆ ಅರ್ಥವಾಗದವಳ ಹಾಗೆ ನೋಡಿದಳು. "ಎಲ್ಲಾ ಇದಾರಲ್ಲ," ಎಂದಳು.

ಬೆಳಗಿನ ಪಾಳಿಯವರಿಗೆ ಮಧ್ಯಾಹ್ನವೇ ನಿದ್ದೆಯ ಹೊತ್ತು. ಪರದೆ ಎಳೆದು ಇಬ್ಬರೂ ಮಲಗಿದರು. ಅಕ್ಕನಿಗೆ ನಿದ್ದೆ ಬರಲಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಸುಸ್ತಾದ ಮೇಲೆ ಕೋಣೆ ನಿಶ್ಶಬ್ದವಾಯಿತು. ಆಗ ತಂಗಿ ನಿದ್ದೆಯಲ್ಲಿ ಮಾತಾಡತೊಡಗಿದಳು.

ಚಿಕ್ಕಂದಿನಿಂದಲೂ ಅವಳಿಗೆ ಅದು ಇತ್ತು. ಅವಳಿಗೇ ಗೊತ್ತಿರಲಿಲ್ಲ. ಅಮ್ಮ ತನ್ನ ಕೈಮೇಲೆ ಅಕ್ಕನಿಂದ ಕೈ ಹಾಕಿಸಿ ಮಾತು ತೆಗೆದುಕೊಂಡಿದ್ದಳು: ಅವಳು ಬಾಯ್ತುಂಬ ಮಾತಾಡೋದು ಅದೊಂದು ಹೊತ್ತು, ಅವಳಿಗೆ ಹೇಳ್ಬೇಡ, ಹೇಳಿದ್ರೆ ಅದೂ ನಿಂತುಹೋಗುತ್ತೆ. ಹೊಟ್ಟೆಯಲ್ಲಿ ಒಂದು ಗುಟ್ಟೂ ದಕ್ಕದ ಅಕ್ಕ ಜೀವಮಾನದಲ್ಲಿ ದಕ್ಕಿಸಿಕೊಂಡದ್ದು ಅದೊಂದನ್ನೇ.

"ಬನ್ನಿ ದೊಡ್ಡಮ್ಮಾ, ಇಲ್ಲೇ ಕೂತ್ಕೊಳ್ಳಿ," ಎನ್ನುತ್ತಿದ್ದಳು ತಂಗಿ. ದನಿ ಅವಳದೇ, ಆದರೆ ಎಲ್ಲೂ ತಡೆಯಿಲ್ಲದ ದನಿ. "ಸರೀರೇ ಸ್ವಲ್ಪ. ಏಣೀ, ಕಾಲು ಮಡಚೇ, ನಿನ್ನ ಕಾಲೇ ಅರ್ಧ ಕೋಣೆ ಆಯ್ತು. ಮಗನಿಗೆ ಹಲ್ಲು ಬಂತಾ? ಕಚ್ತಾನಾ? ನಿನ್ನನ್ನೇ ಕಚ್ಚಿದ್ನಾ!" ಆಮೇಲೆ ನಕ್ಕಳು. ಹೊಟ್ಟೆಯಿಂದ ಬಂದ ದೊಡ್ಡ ನಗು. "ಕನ್ನಡಕಾ, ನೀನು ನಗ್ಬೇಡ, ನಕ್ಕರೆ ನಿಂದು ಬಿದ್ದೇ ಹೋಗುತ್ತೆ."

ಅಕ್ಕ ಮೊಣಕೈ ಊರಿ ಎದ್ದು ಆ ಮುಖವನ್ನು ನೋಡಿದಳು. ಕಣ್ಣು ಮುಚ್ಚಿತ್ತು, ಬಾಯಿ ಅರಳಿತ್ತು. ತಾನು ನಿಂತು ಉಣ್ಣುತ್ತಿದ್ದ ದಿನಗಳಲ್ಲಿ ಇವಳು ನಿದ್ದೆಯಲ್ಲಿ ಅವರೆಲ್ಲರ ನಡುವೆ ಕೂತಿದ್ದಳು. ಯಾರನ್ನೂ ಕೇಳದೆ, ಯಾರ ಒಪ್ಪಿಗೆಯೂ ಇಲ್ಲದೆ, ಪ್ರತಿ ಮಧ್ಯಾಹ್ನ.

ಮರುದಿನ ಊಟದ ಹೊತ್ತಿಗೆ ಅಕ್ಕ ಕೈಯಲ್ಲಿ ಡಬ್ಬಿ ಹಿಡಿದು, ಯಾರಿಗೂ ಅಲ್ಲವೆಂಬಂತೆ, ರೋಲರಿನ ಕಡೆ ಮುಖ ಮಾಡಿ ಅಂದಳು:

"ಏಣೀ, ಕಾಲು ಮಡಚೇ, ನಿನ್ನ ಕಾಲೇ ಅರ್ಧ ಕೋಣೆ ಆಯ್ತು."

ತಂಗಿಯ ದನಿಯಲ್ಲಿ ಅಂದಳು. ಅನುಕರಣೆ ಅವಳಿಗೆ ಯಾವಾಗಲೂ ಒಲಿದದ್ದು. ಇದು ಗೊರಕೆಗಿಂತ ಸೊಗಸಾಗಿ ಬಂತು. ಮೇಜಿನ ಸುತ್ತ ಅಗಿಯುವುದು ನಿಂತಿತು.

"ಏನಂದೆ?" ಎಂದಳು ಏಣಿ.

ದೊಡ್ಡಮ್ಮ ಹೋದಂದಿನಿಂದ ಅವಳ ಕಡೆಗೆ ಬಂದ ಮೊದಲ ಮಾತು. ಅಕ್ಕನ ಕಣ್ಣಲ್ಲಿ ನೀರು ಬಂತು. ಇನ್ನು ತಡೆಯಲಾಗಲಿಲ್ಲ.

"ನಾನಂದಿದ್ದಲ್ಲ ಕಣೇ, ಬಂಗಾರದಂಗಡಿ ಅಂದಿದ್ದು! ನಿದ್ದೇಲಿ! ನಮ್ಮನೇಲಿ ದಿನಾ ಮಧ್ಯಾಹ್ನ ನಿಮ್ಮೆಲ್ಲರ ಮೆರವಣಿಗೆ. ದೊಡ್ಡಮ್ಮ ಬನ್ನಿ, ಕೂತ್ಕೊಳ್ಳಿ. ಮಗನಿಗೆ ಹಲ್ಲು ಬಂತಾ. ಕನ್ನಡಕಾ, ನಕ್ಕರೆ ನಿಂದು ಬಿದ್ದೇ ಹೋಗುತ್ತೆ..." ಕಣ್ಣು ಮುಚ್ಚಿ, ತಲೆ ವಾಲಿಸಿ, ಆ ದೊಡ್ಡ ನಗುವನ್ನೂ ಮಾಡಿದಳು.

ಕುಳ್ಳಿ ಮೊದಲು ನಕ್ಕಳು. ಆಮೇಲೆ ಕನ್ನಡಕದವಳು ಬಾಯಿಗೆ ಸೆರಗು ಒತ್ತಿಕೊಂಡಳು, ಸಾಲದೆ ಮೇಜು ಕುಟ್ಟಿದಳು. ಕುರ್ಚಿಯ ಮೇಲಿನ ಚೀಲ ನೆಲಕ್ಕೆ ಇಳಿಯಿತು. ಅಕ್ಕ ಕೂತಳು. ಕೂತು, ಮತ್ತೆ ಮೊದಲಿನಿಂದ ಹೇಳಿದಳು.

ಏಣಿ ಮಾತ್ರ ನಗುತ್ತ ನಗುತ್ತಲೇ ಹುಬ್ಬು ಗಂಟಿಕ್ಕಿದಳು. "ತಡಿ, ನನ್ನ ಮಗನ ಹಲ್ಲಿನ ವಿಷಯ ಅವಳಿಗೆ ಹೇಗೆ ಗೊತ್ತು? ನಾನು ಅವಳಿಗೆ ಹೇಳೇ ಇಲ್ವಲ್ಲ."

"ಇಲ್ಲಿ ಹೇಳಿದ್ದೆಯಲ್ಲ, ಊಟ ಮಾಡ್ತಾ," ಎಂದಳು ಕುಳ್ಳಿ.

"ಅಂದ್ರೆ, ಅಲ್ಲಿ ಕೂತು ನಾವಾಡೋದೆಲ್ಲ ಕೇಳಿಸ್ಕೊಳ್ತಾಳಾ?"

"ಕಳ್ಳಕಿವಿ," ಎಂದಳು ಕನ್ನಡಕದವಳು, ಕನ್ನಡಕ ತೆಗೆದು ಕಣ್ಣೊರೆಸುತ್ತ. "ಹೀಗೇ ಕೇಳಿಸ್ಕೊಂಡು ಹೋಗಿ ಆಫೀಸರಿಗೆ ಒಪ್ಪಿಸಿದ್ದು. ಇನ್ಮೇಲೆ ಸ್ವಲ್ಪ ಮೆತ್ತಗೆ ಮಾತಾಡ್ರೇ."

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ತಂಗಿ ಅಕ್ಕನನ್ನೇ ನೋಡುತ್ತಿದ್ದಳು. ಕೈ ಕೊಯ್ದುಕೊಂಡವರು, ರಕ್ತ ಬರುವ ಮುಂಚಿನ ಆ ಒಂದು ಗಳಿಗೆ, ಬೆಳ್ಳಗಿನ ಗಾಯವನ್ನು ನೋಡುವ ಹಾಗೆ. ಡಬ್ಬಿಯ ಮುಚ್ಚಳ ಹಾಕಿದಳು. ಬುಟ್ಟಿಯನ್ನು ಸರಿಯಾಗಿ ತಿರುಗಿಸಿ ಗೋಡೆಗೆ ಒರಗಿಸಿಟ್ಟು, ಗಾಜಿನ ಕೋಣೆಯ ಕಡೆ ನಡೆದಳು.

ಮರುವಾರದಿಂದ ಅವಳು ಕೊಳೆಬಟ್ಟೆಯ ಕೋಣೆಯಲ್ಲಿದ್ದಳು. ಅದು ರೋಲರಿನ ಗೋಡೆಯ ಆಚೆಗೆ. ವಾರ್ಡುಗಳಿಂದ ಕೊಳವೆಯೊಂದರಲ್ಲಿ ಜಾರಿ ಬರುವ ಶೀಟುಗಳನ್ನು ಬಿಡಿಸಿ, ರಕ್ತದ್ದು, ವಾಂತಿಯದು, ಮಲದ್ದು ಎಂದು ಬೇರೆ ಮಾಡಬೇಕು. ಮಡಿಕೆಯಲ್ಲಿ ಸೂಜಿ ಇರಬಹುದು, ಇರುತ್ತದೆ. ಶಿಕ್ಷೆಯಾಗಿ ಕಳಿಸಿದರೂ ಯಾರೂ ನಿಲ್ಲದ ಜಾಗವನ್ನು ಒಬ್ಬಳು ತಾನಾಗಿ ಕೇಳಿದ್ದು ಇದೇ ಮೊದಲು ಎಂದ ಸೂಪರ್‌ವೈಸರ್. ಅಲ್ಲಿ ಒಬ್ಬರೇ ಸಾಕು.

ಮನೆಯಲ್ಲಿ ಅವಳು ಹಾಸಿಗೆಯನ್ನು ಅಡುಗೆಮನೆಗೆ ಎಳೆದುಕೊಂಡಳು. ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ಅಕ್ಕ ಮಧ್ಯಾಹ್ನ ಬಾಗಿಲಿಗೆ ಕಿವಿ ಇಟ್ಟು ಕೂರುತ್ತಿದ್ದಳು. ಒಳಗೆ ಚಾಪೆಯ ಮೇಲೆ ಮಗ್ಗುಲು ಬದಲಾಗುವ ಸದ್ದು, ನಲ್ಲಿಯ ಹನಿ. ನಿದ್ದೆ ಹತ್ತಿದವಳ ಉಸಿರು ಎಂದೂ ಕೇಳಲಿಲ್ಲ.

"ಬಾಗಿಲು ತೆಗಿಯೇ," ಎಂದಳು ಒಮ್ಮೆ. "ತಮಾಷೆಗೆ ಅಂದದ್ದು ಕಣೇ. ಅವರಿಗೆಲ್ಲ ನಿನ್ನ ಮೇಲೆ ಪ್ರೀತೀನೇ."

"ನಿದ್ದೆ ಮಾಡಕ್ಕ," ಎಂದಳು ತಂಗಿ ಒಳಗಿಂದ.

ಲಾಂಡ್ರಿಗೆ ಹೊಸದಾಗಿ ಇಬ್ಬರು ಬಂದರು. ತಂಗಿಯ ಮುಖವನ್ನು ಅವರು ಸರಿಯಾಗಿ ನೋಡಿರಲೂ ಇಲ್ಲ. ಗೋಡೆಯ ಕಿಂಡಿಯಿಂದ ಬುಟ್ಟಿ ತಳ್ಳುವ ರಬ್ಬರ್ ಗವಸಿನ ಕೈ ಮಾತ್ರ ಗೊತ್ತು. ಆದರೂ ನಿದ್ದೆಯ ಕತೆ ಅವರಿಗೂ ಬೇಕಿತ್ತು. ಚಪ್ಪಲಿ ಬಿಡುವ ಮುಂಚೆಯೇ ಕೇಳುತ್ತಿದ್ದರು, ಇವತ್ತೇನು ಸುದ್ದಿ ರೇಡಿಯೊ, ನಿನ್ನೆ ಏನಂದ್ಲು? ಮೊದಲ ದಿನ ಅಕ್ಕ, ಏನೂ ಅನ್ನಲಿಲ್ಲ ಎಂದಳು. ಓ ಎಂದು ಅವರು ತಮ್ಮತಮ್ಮ ಮೇಜಿಗೆ ಹೋದರು. ಆ ಬೆಳಗೆಲ್ಲ ಅವಳ ಕಡೆಗೆ ಮಾತು ಕಡಿಮೆ ಬಂತು. ಮರುದಿನದಿಂದ ಅವಳು ಕಟ್ಟಿ ಹೇಳತೊಡಗಿದಳು.

ಕಟ್ಟುವುದು ಕಷ್ಟವಾಗಲಿಲ್ಲ. ನಿದ್ದೆಯಲ್ಲಿ ತಂಗಿ ಸೂಪರ್‌ವೈಸರನ್ನು ಮದುವೆಯಾದಳು. ಬಿಟ್ಟುಹೋದ ಗಂಡನಿಗೆ ಶೀಟು ಸುತ್ತಿ ರೋಲರಿಗೆ ಕೊಟ್ಟಳು. ಏಣಿಯ ಮಗನನ್ನು ಕದ್ದಳು. ಅವತ್ತು ಏಣಿ ನಗಲಿಲ್ಲ, ಉಳಿದವರು ಅವಳ ಮುಖ ನೋಡಿ ಇನ್ನೂ ನಕ್ಕರು. ನಗುವಾಗೆಲ್ಲ ಅಕ್ಕ ಕಿಂಡಿಯ ಕಡೆಗೆ ಬೆನ್ನು ಮಾಡಿ ನಿಲ್ಲುವುದನ್ನು ರೂಢಿ ಮಾಡಿಕೊಂಡಳು.

ಒಂದು ಬೆಳಿಗ್ಗೆ ಹೇಳಲು ಏನೂ ಹೊಳೆಯಲಿಲ್ಲ. ಎದುರಿಗೆ ಕನ್ನಡಕದವಳು ಶೀಟಿನ ಆಚೆ ತುದಿ ಹಿಡಿದು ಕಾಯುತ್ತಿದ್ದಳು. ಝಾಡಿಸಿದರು, ಹತ್ತಿರ ಬಂದರು.

"ಹೂಂ, ಹೇಳು."

"ನಿನ್ನೆ," ಎಂದಳು ಅಕ್ಕ, "ನನ್ನನ್ನ ಕರೆದ್ಲು."

"ಏನಂತ?"

"ಅಕ್ಕಾ ಅಂತ."

"ಆಮೇಲೆ?"

"ಅಷ್ಟೇ. ಅಕ್ಕಾ ಅಂದ್ಲು."

ಕನ್ನಡಕದವಳು ಮೂಲೆಗಳನ್ನು ಅವಳ ಕೈಗೆ ಕೊಡದೆ ಹಿಡಿದುಕೊಂಡೇ ನಿಂತಳು. ಆಚೆ ಮೇಜಿನ ಹೊಸಬರಿಬ್ಬರು ಕತ್ತು ಚಾಚಿ ಕಾಯುತ್ತಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. "ಇದರಲ್ಲಿ ನಗೋಕೇನಿದೆ?" ಎಂದಳು ಒಬ್ಬಳು.

"ತಾಳ್ರೇ," ಎಂದಳು ಅಕ್ಕ ಅವಸರದಿಂದ. "ಇನ್ನೂ ಮುಗಿದಿಲ್ಲ." ಕಣ್ಣು ಮುಚ್ಚಿ, ತಲೆ ವಾಲಿಸಿ, ತಂಗಿಯ ದನಿಯನ್ನು ಗಂಟಲಿಗೆ ತಂದುಕೊಂಡಳು.